ಸಕ್ಕರೆ ಅಣುಗಳನ್ನು ಜೋಡಿಸುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಗದಿದ್ದರೆ ಅಪೀಲ್ ಹೇಗೆ?

ಕ್ಲೇಮುಗಳು (ಯಾವುದಕ್ಕೆ ಹಕ್ಕು ಬೇಕು ಅಂತ ಅರ್ಜಿಯಲ್ಲಿ ಹೇಳುವ ಸಾಲುಗಳು) ಎರಡು ಸಲ ತಿರಸ್ಕಾರವಾಗಿದ್ದರೆ ಪೇಟೆಂಟ್ ಕಚೇರಿಯದೇ ಆದ ಪೇಟೆಂಟ್ ಟ್ರಯಲ್ ಅಂಡ್ ಅಪೀಲ್ ಬೋರ್ಡ್‌ಗೆ ಹೋಗಬಹುದು. ಮೊದಲು ಅಪೀಲ್ ನೋಟಿಸ್, ಅಲ್ಲಿಂದ 2 ತಿಂಗಳೊಳಗೆ ಲಿಖಿತ ವಾದ.

ಹಳೆಯ ಎರಡು ಪ್ರಬಂಧ ಸೇರಿಸಿದರೆ ಇದು ಯಾವ ರಸಾಯನಶಾಸ್ತ್ರಜ್ಞರಿಗೂ ಹೊಳೆಯುತ್ತೆ ಅನ್ನುವುದು ಅರ್ಜಿ ನೋಡುವ ಪೇಟೆಂಟ್ ಪರೀಕ್ಷಕರ ಸಾಮಾನ್ಯ ಆಕ್ಷೇಪ. ಕಾರ್ಬೋಹೈಡ್ರೇಟ್ ವಿಷಯದಲ್ಲಿ ಇದಕ್ಕೆ ಗಟ್ಟಿ ಉತ್ತರವಿದೆ. ಒಂದೇ ಸಕ್ಕರೆಯಲ್ಲಿ ಹಲವು ಹೈಡ್ರಾಕ್ಸಿಲ್ (OH) ಗುಂಪುಗಳಿರುತ್ತವೆ. ಅವನ್ನು ಮುಚ್ಚಿಡುವ ಒಂದು ರಕ್ಷಕ ಗುಂಪು ಬದಲಾದರೂ ಆಲ್ಫಾ ಬಂಧದ ಜಾಗದಲ್ಲಿ ಬೀಟಾ, ಅಂದರೆ ಬೇರೆ ದಿಕ್ಕಿಗೆ ತಿರುಗಿದ ಬಂಧ, ಬರಬಹುದು. ಫಲಿತಾಂಶ ಮೊದಲೇ ಊಹಿಸುವಂಥದ್ದಲ್ಲ, ಅಲ್ವಾ? ಆದರೆ ಸುಮ್ನೆ ಹೇಳಿದರೆ ಸಾಲದು. ಹಳೆಯ ವಿಧಾನದ ಜೊತೆ ಹೋಲಿಸಿದ ಪ್ರಯೋಗದ ಅಂಕಿಗಳು ಬೇಕು. ಅವನ್ನು ಅಪೀಲಿಗೆ ಮುಂಚೆಯೇ ಸಲ್ಲಿಸಿ, ಆಮೇಲೆ ಹೊಸ ಸಾಕ್ಷ್ಯ ಸೇರಿಸುವುದು ತುಂಬಾ ಕಷ್ಟ.

ಬೋರ್ಡ್ ಒಪ್ಪದಿದ್ದರೆ ಪೇಟೆಂಟ್ ಅಪೀಲುಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ಕೋರ್ಟ್‌ಗೆ ಹೋಗಬಹುದು.