ಓದುಗರ ಪ್ರಶ್ನೆ: ಕಿವಿಯಲ್ಲಿ ಓದುವ ಇಮೇಲ್

ಪ್ರಶ್ನೆ: ನನಗೆ ಕಣ್ಣು ಕಾಣಿಸುವುದಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ (ಸ್ಕ್ರೀನ್ ರೀಡರ್) ಬಳಸುತ್ತೇನೆ. ಜಿಮೇಲ್‌ನಲ್ಲಿ ಉತ್ತರ ಬರೆಯಲು ಆರ್ ಕೀ ಒತ್ತಬೇಕೆಂದು ಹೇಳುತ್ತಾರೆ. ನಾನು ಒತ್ತಿದರೆ ‘ಮುಂದೆ ರೇಡಿಯೊ ಬಟನ್ ಇಲ್ಲ’ ಎಂಬರ್ಥದ ಮಾತು ಬರುತ್ತದೆ. ಏಕೆ?
– ಓದುಗರು, ಹಾವೇರಿ

ಉತ್ತರ: ನೀವು ಒತ್ತಿದ ಕೀ ಜಿಮೇಲ್‌ವರೆಗೆ ಹೋಗಲೇ ಇಲ್ಲ. ವೆಬ್ ಪುಟದಲ್ಲಿ ಎನ್‌ವಿಡಿಎ ಸಾಮಾನ್ಯವಾಗಿ ಬ್ರೌಸ್ ಮೋಡ್‌ನಲ್ಲಿ, ಅಂದರೆ ಪುಟವನ್ನು ಓದುವ ಸ್ಥಿತಿಯಲ್ಲಿ ಇರುತ್ತದೆ. ಆಗ ಒಂಟಿ ಅಕ್ಷರಗಳೆಲ್ಲ ಅದರ ಸ್ವಂತ ಆಜ್ಞೆಗಳು: ಎಚ್ ಒತ್ತಿದರೆ ಮುಂದಿನ ಶೀರ್ಷಿಕೆಗೆ, ಕೆ ಒತ್ತಿದರೆ ಲಿಂಕ್‌ಗೆ, ಆರ್ ಒತ್ತಿದರೆ ರೇಡಿಯೊ ಬಟನ್‌ಗೆ (ಹಲವು ಆಯ್ಕೆಗಳಲ್ಲಿ ಒಂದನ್ನು ಆರಿಸುವ ಗುಂಡಿ) ಜಿಗಿಯುತ್ತದೆ.

ಮೊದಲು ಜಿಮೇಲ್‌ನ ಶಾರ್ಟ್‌ಕಟ್‌ಗಳನ್ನು ಆನ್ ಮಾಡಿ. ಸೆಟ್ಟಿಂಗ್ಸ್ ಬಟನ್ ಒತ್ತಿ, ‘ಸೀ ಆಲ್ ಸೆಟ್ಟಿಂಗ್ಸ್’ ತೆರೆಯಿರಿ. ಜನರಲ್ ವಿಭಾಗದಲ್ಲಿ ‘ಕೀಬೋರ್ಡ್ ಶಾರ್ಟ್‌ಕಟ್ಸ್ ಆನ್’ ಆರಿಸಿ. ಪುಟದ ತಳದಲ್ಲಿರುವ ‘ಸೇವ್ ಚೇಂಜಸ್’ ಒತ್ತುವುದನ್ನು ಮರೆಯಬೇಡಿ, ಬಹಳ ಮಂದಿ ತಪ್ಪುವುದು ಇಲ್ಲೇ. ಅದೇ ಪುಟದಲ್ಲಿ ‘ಅನ್‌ಡು ಸೆಂಡ್’ ಅವಧಿ 5 ಸೆಕೆಂಡ್ ಇದ್ದರೆ 30ಕ್ಕೆ ಏರಿಸಿ. ಕಳಿಸಿದ ಮೇಲೆ ತಪ್ಪು ನೆನಪಾದರೆ ಝಡ್ ಒತ್ತಿ ಹಿಂಪಡೆಯಲು ಅಷ್ಟು ಹೊತ್ತು ಬೇಕೇ ಬೇಕು.

ಇನ್‌ಬಾಕ್ಸ್‌ನಲ್ಲಿ ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಹಿಡಿದು ಸ್ಪೇಸ್ ಒತ್ತಿದರೆ ಫೋಕಸ್ ಮೋಡ್ ಬರುತ್ತದೆ; ಆಗ ಒತ್ತಿದ ಕೀ ನೇರ ಜಿಮೇಲ್‌ಗೆ ತಲುಪುತ್ತದೆ. ಮತ್ತೆ ಅದನ್ನೇ ಒತ್ತಿದರೆ ಬ್ರೌಸ್ ಮೋಡ್. ಎರಡು ಮೋಡ್‌ಗಳಿಗೂ ಬೇರೆ ಬೇರೆ ಸದ್ದಿದೆ, ಎರಡು ದಿನದಲ್ಲಿ ಕಿವಿಗೆ ರೂಢಿಯಾಗುತ್ತದೆ. ಈಗ ಜೆ ಒತ್ತಿದರೆ ಹಳೆಯ ಪತ್ರದತ್ತ, ಕೆ ಒತ್ತಿದರೆ ಹೊಸದರತ್ತ ಸಾಗಬಹುದು. ಎಂಟರ್ ಒತ್ತಿ ಪತ್ರ ತೆರೆಯಿರಿ. ಓದಲು ಮತ್ತೆ ಬ್ರೌಸ್ ಮೋಡ್‌ಗೆ ಬಂದು, ಎನ್‌ವಿಡಿಎ ಜೊತೆ ಕೆಳಬಾಣ ಒತ್ತಿ. ಉತ್ತರಿಸಲು ಪುನಃ ಫೋಕಸ್ ಮೋಡ್, ಆಮೇಲೆ ಆರ್. ಎಲ್ಲರಿಗೂ ಉತ್ತರವಾದರೆ ಎ. ಕಳಿಸಲು ಕಂಟ್ರೋಲ್ ಜೊತೆ ಎಂಟರ್, ಪಟ್ಟಿಗೆ ಮರಳಲು ಯು.

ದಿನಕ್ಕೆ ಹತ್ತಾರು ಪತ್ರ ನೋಡುವವರಿಗೆ ಈ ಮೋಡ್ ಬದಲಾವಣೆ ನಿಜಕ್ಕೂ ದಣಿವು ತರುತ್ತದೆ. ಅಂಥವರಿಗೆ ಉಚಿತವಾಗಿ ಸಿಗುವ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ ಮೇಲು ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ಪತ್ರಗಳ ಪಟ್ಟಿಯಲ್ಲಿ ಬರೀ ಬಾಣದ ಕೀಗಳಿಂದ ಓಡಾಡಬಹುದು. ಒಂದು ಭಾಗದಿಂದ ಇನ್ನೊಂದಕ್ಕೆ ಹೋಗಲು ಎಫ್6.

ಪ್ರಶ್ನೆ: ಕಚೇರಿಯಿಂದ ಬರುವ ಕನ್ನಡ ಲಗತ್ತುಗಳನ್ನು ಸ್ಕ್ರೀನ್ ರೀಡರ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ತಂತ್ರಾಂಶ ಕೆಟ್ಟಿದೆಯೇ?
– ಓದುಗರು, ತುಮಕೂರು

ಉತ್ತರ: ತಂತ್ರಾಂಶ ಸರಿಯಿದೆ, ಕಡತ ಹಳೆಯ ನುಡಿ ಫಾಂಟ್‌ನಲ್ಲಿದೆ. ಬಲಬಾಣ ಒತ್ತುತ್ತ ಒಂದೊಂದೇ ಅಕ್ಷರ ಕೇಳಿ ನೋಡಿ. ‘ಕನ್ನಡ’ ಎಂಬಲ್ಲಿ ಪಿ, ಗುರುತುಳ್ಳ ಎ, ಪೌಂಡ್ ಚಿಹ್ನೆ ಎಂದು ಶುರುವಾದರೆ ಅನುಮಾನವೇ ಬೇಡ. ಆ ಫಾಂಟ್ ಪೌಂಡ್ ಚಿಹ್ನೆಯ ಜಾಗದಲ್ಲಿ ನಕಾರದ ಆಕಾರವನ್ನು ಕೂರಿಸಿದೆ. ಕಣ್ಣಿಗೆ ಕಾಣುವುದು ಆಕಾರ, ಸ್ಕ್ರೀನ್ ರೀಡರ್‌ಗೆ ಸಿಗುವುದು ಅದರ ಹಿಂದಿನ ಸಂಕೇತ.

ಪಠ್ಯವನ್ನು ನಕಲಿಸಿ, ಆಸ್ಕಿಯಿಂದ (ಇಂಥ ಹಳೆಯ ಫಾಂಟ್‌ಗಳ ಸಂಕೇತ ಪದ್ಧತಿ) ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೆ ಪ್ರತ್ಯೇಕ ಸಂಕೇತವಿರುವ ಪದ್ಧತಿ) ಬದಲಿಸುವ ಪರಿವರ್ತಕಕ್ಕೆ ಹಾಕಿ. ನಡುವೆ ಇಂಗ್ಲಿಷ್‌ನಲ್ಲಿದ್ದ ಹೆಸರು, ಇಮೇಲ್ ವಿಳಾಸಗಳು ಪರಿವರ್ತನೆಯಲ್ಲಿ ಕನ್ನಡದ ಕಲಸುಮೇಲೋಗರವಾಗಬಹುದು. ಅವನ್ನು ಮೂಲ ಕಡತದಿಂದಲೇ ತೆಗೆದುಕೊಳ್ಳಿ. ಅರ್ಕಾವತ್ತು ಇರುವ ಪದಗಳನ್ನೂ ಇನ್ನೊಮ್ಮೆ ಕೇಳಿ.

ಯೂನಿಕೋಡ್‌ನಲ್ಲಿದ್ದರೂ ಕನ್ನಡದ ಸಾಲುಗಳು ಸರಿಯಾಗಿ ಕೇಳಿಸದಿದ್ದರೆ ಆರಿಸಿರುವ ಧ್ವನಿಗೆ ಕನ್ನಡ ಬಾರದು. ಎನ್‌ವಿಡಿಎ, ಕಂಟ್ರೋಲ್, ಎಸ್ ಒಟ್ಟಿಗೆ ಒತ್ತಿ, ಪಠ್ಯವನ್ನು ಧ್ವನಿಯಾಗಿಸುವ ಇಸ್ಪೀಕ್ ಎನ್‌ಜಿ ಆರಿಸಿ. ಬಳಿಕ ಎಸ್ ಬದಲು ವಿ ಒತ್ತಿ, ಧ್ವನಿಗಳ ಪಟ್ಟಿಯಲ್ಲಿ ಕನ್ನಡ ಹುಡುಕಿ. ಧ್ವನಿ ಯಾಂತ್ರಿಕವಾಗಿದ್ದರೂ ಓದು ಸ್ಪಷ್ಟ.

ಪಿಡಿಎಫ್‌ನಲ್ಲಿ ಪಠ್ಯವೇ ಇಲ್ಲವೆಂದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಗೂಗಲ್ ಡ್ರೈವ್‌ಗೆ ಏರಿಸಿ ‘ಓಪನ್ ವಿತ್’ ಮೂಲಕ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನೂ ಗುರುತಿಸುತ್ತದೆ. ಕಡತ 2 ಎಂಬಿ ಮೀರಬಾರದು, ಪುಟ ಅಡ್ಡವಾಗಿರಬಾರದು. ಮೊಹರು ಬಿದ್ದ ಸಾಲುಗಳಲ್ಲಿ ತಪ್ಪು ಹೆಚ್ಚು. ದಿನಾಂಕ, ಮೊತ್ತಗಳನ್ನು ಕಳಿಸಿದವರಿಂದ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ದೃಷ್ಟಿದೋಷವುಳ್ಳ ಸಹೋದ್ಯೋಗಿಗೆ ಇಮೇಲ್ ಕಳಿಸುವಾಗ ನಾನೇನು ಗಮನಿಸಬೇಕು?
– ಓದುಗರು, ಶಿವಮೊಗ್ಗ

ಉತ್ತರ: ಸುತ್ತೋಲೆಯ ಫೋಟೊ ಬೇಡ, ಯೂನಿಕೋಡ್ ಪಠ್ಯ ಕಳಿಸಿ. ವಿಷಯದ ಸಾಲಿನಲ್ಲಿ ಮುಖ್ಯ ಪದ ಮೊದಲು ಬರಲಿ: ‘ಸಭೆ ಮುಂದೂಡಿಕೆ’ ಎಂದರೆ ಪತ್ರ ತೆರೆಯದೆಯೂ ಗೊತ್ತಾಗುತ್ತದೆ. ಲಿಂಕ್‌ಗೆ ‘ಇಲ್ಲಿ ಒತ್ತಿ’ ಎಂದು ಬರೆಯಬೇಡಿ. ಅವರು ಎನ್‌ವಿಡಿಎ ಜೊತೆ ಎಫ್7 ಒತ್ತಿ ಲಿಂಕ್‌ಗಳನ್ನಷ್ಟೇ ಪಟ್ಟಿಯಾಗಿ ಕೇಳಬಹುದು. ಐದು ಸಲ ‘ಇಲ್ಲಿ ಒತ್ತಿ’ ಬಂದರೆ ರಜೆ ಅರ್ಜಿ ಯಾವುದು, ವೇತನ ಚೀಟಿ ಯಾವುದು ಎಂದು ತಿಳಿಯುವುದಿಲ್ಲ.