ನೀಸ್‌ನಿಂದ ಜಿನೋವಾಕ್ಕೆ ಕಡಲಂಚಿನ ದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಮೇ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಹೋಗುತ್ತಿದ್ದೇವೆ. ಅಲ್ಲಿಂದ ಎಲ್ಲರೂ ಸೇರಿ ಫ್ರಾನ್ಸಿನ ನೀಸ್ ನಗರಕ್ಕೆ ಹೋಗಿ, ಬಾಡಿಗೆ ಕಾರಿನಲ್ಲಿ ಸಮುದ್ರದ ಅಂಚಿನಲ್ಲೇ ಇಟಲಿಯ ಜಿನೋವಾವರೆಗೆ ಪ್ರಯಾಣ ಮಾಡಬೇಕೆಂಬ ಆಸೆಯಿದೆ. ನಕ್ಷೆಯ ಪ್ರಕಾರ ಇನ್ನೂರು ಕಿಲೋಮೀಟರೂ ಇಲ್ಲ, ಎರಡೂವರೆ ಗಂಟೆ ಸಾಕು. ಬೆಳಿಗ್ಗೆ ಹೊರಟು, ನೋಡುವುದನ್ನೆಲ್ಲ ನೋಡಿಕೊಂಡು ರಾತ್ರಿಯೊಳಗೆ ಜಿನೋವಾ ಸೇರಬಹುದೇ?
– ಓದುಗರು, ಮೈಸೂರು

ಉತ್ತರ: ಸೇರಬಹುದು, ಆದರೆ ನೀವು ನೋಡಬೇಕೆಂದಿರುವ ಸಮುದ್ರ ಸರಿಯಾಗಿ ಕಾಣುವುದಿಲ್ಲ. ನಕ್ಷೆ ಹೇಳುವ ಎರಡೂವರೆ ಗಂಟೆ ಫ್ರಾನ್ಸಿನ ಎ8 ಮತ್ತು ಅದರ ಮುಂದುವರಿಕೆಯಾದ ಇಟಲಿಯ ಎ10 ಟೋಲ್ ಹೆದ್ದಾರಿಗಳ ಲೆಕ್ಕ. ಈ ಭಾಗದಲ್ಲಿ ಆಲ್ಪ್ಸ್ ಪರ್ವತಸಾಲು ನೇರವಾಗಿ ಕಡಲಿಗೆ ಇಳಿಯುವುದರಿಂದ ಹೆದ್ದಾರಿಯನ್ನು ಸುರಂಗ, ಎತ್ತರದ ಸೇತುವೆ, ಮತ್ತೆ ಸುರಂಗ ಎಂಬಂತೆ ಕಟ್ಟಿದ್ದಾರೆ; ಎರಡು ಸುರಂಗಗಳ ನಡುವೆ ನೀಲಿ ನೀರು ಕಣ್ಣಿಗೆ ಬೀಳುವಷ್ಟರಲ್ಲಿ ಮುಂದಿನ ಕತ್ತಲೆ ಬಂದಿರುತ್ತದೆ.

ಕಡಲನ್ನು ಹಿಡಿದೇ ಸಾಗುವ ಹಳೆಯ ರಸ್ತೆಗೆ ಇಟಲಿಯಲ್ಲಿ ಔರೇಲಿಯಾ ಎಂದು ಹೆಸರು. ಫಲಕಗಳಲ್ಲಿ ಎಸ್‌ಎಸ್ 1 ಎಂದಿರುತ್ತದೆ. ರೋಮನ್ನರ ಕಾಲದ ಹೆಸರನ್ನು ಉಳಿಸಿಕೊಂಡಿರುವ ಈ ರಸ್ತೆ ಊರೂರಿನ ಪೇಟೆಬೀದಿಯ ಮೂಲಕವೇ ಹಾಯುತ್ತದೆಯಾದ್ದರಿಂದ, ಸಿಗ್ನಲ್ಲು, ವೃತ್ತಗಳು, ಎಡಬಲಗಳಿಂದ ನುಗ್ಗುವ ಸ್ಕೂಟರುಗಳು ಎಲ್ಲ ಸೇರಿ ಗಂಟೆಗೆ ಮೂವತ್ತು ಕಿಲೋಮೀಟರಿಗಿಂತ ಹೆಚ್ಚಿನ ವೇಗವನ್ನು ನಿರೀಕ್ಷಿಸುವುದು ಸರಿಯಲ್ಲ. ಇಡೀ ದೂರವನ್ನು ಅದರಲ್ಲೇ ಕ್ರಮಿಸುತ್ತೇನೆಂಬ ಹಟ ಬೇಡ. ನನ್ನ ಸಲಹೆಯೆಂದರೆ, ನಿಜವಾಗಿಯೂ ಚೆಲುವಾದ ಮೂರು ತುಣುಕುಗಳನ್ನು ಮಾತ್ರ ಹಳೆಯ ರಸ್ತೆಯಲ್ಲಿ ನಿಧಾನವಾಗಿ ಸಾಗಿ, ಉಳಿದುದನ್ನು ಹೆದ್ದಾರಿಯಲ್ಲಿ ದಾಟಿಬಿಡುವುದು. ಇದಕ್ಕೆ ದಾರಿಯಲ್ಲಿ ಎರಡು ರಾತ್ರಿಗಳ ತಂಗುವಿಕೆ ಬೇಕು.

ದಿಕ್ಕಿನ ವಿಷಯದಲ್ಲಿ ನಿಮ್ಮ ಆಯ್ಕೆ ಸರಿಯಾಗಿದೆ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ಪೂರ್ವಕ್ಕೆ ಹೋಗುವಾಗ ದಕ್ಷಿಣದ ಸಮುದ್ರವೂ ಬಲಕ್ಕೇ ಇರುತ್ತದೆ. ಹೀಗಾಗಿ ನಿಮ್ಮ ಕಾರು ನೀರಿನ ಮಗ್ಗುಲಲ್ಲೇ ಸಾಗುತ್ತದೆ, ನೋಟ ಚೆನ್ನಾಗಿರುವಲ್ಲಿ ಎದುರು ಬರುವ ವಾಹನಗಳನ್ನು ಅಡ್ಡಹಾಯದೆ ಪಕ್ಕಕ್ಕೆ ನಿಲ್ಲಿಸಬಹುದು. ಜಿನೋವಾದಿಂದ ನೀಸ್‌ಗೆ ಬರುವವರಿಗೆ ಈ ಅನುಕೂಲವಿಲ್ಲ. ಒಂದೇ ತೊಡಕೆಂದರೆ ಬೆಳಗಿನ ಬಿಸಿಲು ನೇರವಾಗಿ ಚಾಲಕರ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಊರು ಸುತ್ತುವುದನ್ನು ಬೆಳಿಗ್ಗೆಗೂ ಕಾರು ಓಡಿಸುವುದನ್ನು ಮಧ್ಯಾಹ್ನಕ್ಕೂ ಇಟ್ಟುಕೊಳ್ಳಿ.

ಮೊದಲ ತುಣುಕು ನೀಸ್‌ನಿಂದ ಮೆಂಟನ್‌ವರೆಗಿನದು. ಇಲ್ಲಿ ಬೆಟ್ಟದ ಮೈಮೇಲೆ ಒಂದರ ಮೇಲೊಂದರಂತೆ ಮೂರು ರಸ್ತೆಗಳಿವೆ, ಮೂರಕ್ಕೂ ಕಾರ್ನಿಶ್ ಎಂದೇ ಹೆಸರು. ಕೆಳಗಿನದು ವಿಲ್‌ಫ್ರಾಂಶ್‌ನಂಥ ಬಂದರೂರುಗಳ ಮೂಲಕ ಹೋಗುತ್ತದೆ, ಸದಾ ದಟ್ಟಣೆ. ನೀವು ನಡುವಿನದನ್ನು ಹಿಡಿದು ಎಜ್ ಎಂಬ ಹಳ್ಳಿಗೆ ಹೋಗಿ. ಸಮುದ್ರಮಟ್ಟದಿಂದ ಸುಮಾರು 429 ಮೀಟರ್ ಎತ್ತರದ ಬಂಡೆಯ ನೆತ್ತಿಯಲ್ಲಿರುವ ಈ ಹಳೆಯ ಊರಿನೊಳಗೆ ಕಾರಿಗೆ ಪ್ರವೇಶವಿಲ್ಲ; ಕಲ್ಲಿನ ಮೆಟ್ಟಿಲುಗಳನ್ನು ಹತ್ತಿದರೆ ತುದಿಯಲ್ಲಿ ಪಾಪಸುಕಳ್ಳಿಗಳ ತೋಟ, ಅದರ ಕೆಳಗೆ ಅಷ್ಟಗಲಕ್ಕೂ ಕಡಲು. ಅಲ್ಲಿಂದ ಮೇಲಿನ ರಸ್ತೆಗೆ ಹತ್ತಿ ಲಾ ತುರ್ಬಿ ತಲಪಿ. ಆಲ್ಪ್ಸ್‌ನ ಬುಡಕಟ್ಟುಗಳನ್ನು ಗೆದ್ದ ನೆನಪಿಗೆ ಕ್ರಿ.ಪೂ. 6ರ ಸುಮಾರಿನಲ್ಲಿ ಆಗಸ್ಟಸ್ ಚಕ್ರವರ್ತಿಗಾಗಿ ಕಟ್ಟಿದ ವಿಜಯಸ್ತಂಭದ ಅವಶೇಷ ಇಲ್ಲಿದೆ. ಅದರ ಪಕ್ಕದಲ್ಲಿ ನಿಂತರೆ ಇಡೀ ಮೊನಾಕೊ ದೇಶ ಕಾಲಡಿಯಲ್ಲಿ ಕಾಣುತ್ತದೆ. ಮೊನಾಕೊವನ್ನು ಹೀಗೆ ಮೇಲಿನಿಂದ ನೋಡುವುದೇ ಲೇಸು ಎನ್ನುವುದು ನನ್ನ ಅಭಿಪ್ರಾಯ; ಅದರಲ್ಲೂ ಮೇ ಕೊನೆಯ ಮತ್ತು ಜೂನ್ ಮೊದಲ ವಾರಗಳಲ್ಲಿ ಗ್ರಾಂಪ್ರಿ ಕಾರು ಓಟಕ್ಕಾಗಿ ಬೀದಿಗಳನ್ನು ಮುಚ್ಚುವ ಸಂಭವವಿರುವುದರಿಂದ, ಆ ವರ್ಷದ ಓಟದ ದಿನಾಂಕ ನೋಡಿಕೊಂಡೇ ನಿಮ್ಮ ದಿನಗಳನ್ನು ನಿಗದಿಪಡಿಸಿ. ಆ ದಿನಗಳಲ್ಲಿ ನೀಸ್‌ನಲ್ಲೂ ಕೋಣೆಗಳ ಬಾಡಿಗೆ ಏರಿರುತ್ತದೆ. ಮೊದಲ ರಾತ್ರಿ ನಿಂಬೆತೋಟಗಳ ಊರಾದ ಮೆಂಟನ್‌ನಲ್ಲಿ.

ಮರುದಿನ ಗಡಿ ದಾಟಿದ ಕೂಡಲೇ, ವೆಂಟಿಮಿಲಿಯಾ ಸಿಗುವುದಕ್ಕೆ ಮೊದಲು, ಲಾ ಮೊರ್ತೊಲಾದಲ್ಲಿ ಹ್ಯಾನ್‌ಬರಿ ಸಸ್ಯೋದ್ಯಾನವಿದೆ. 1867ರಲ್ಲಿ ಥಾಮಸ್ ಹ್ಯಾನ್‌ಬರಿ ಎಂಬ ಇಂಗ್ಲಿಷ್ ವರ್ತಕ ಆರಂಭಿಸಿದ ತೋಟವಿದು. ಇಳಿಜಾರಿನಲ್ಲಿ ಕಡಲತನಕವೂ ಹಬ್ಬಿದೆ, ಹಳೆಯ ರೋಮನ್ ರಸ್ತೆಯ ಒಂದು ತುಂಡು ತೋಟದ ನಡುವೆಯೇ ಇಂದಿಗೂ ಕಾಣುತ್ತದೆ. ಇಳಿದಷ್ಟನ್ನೂ ಮತ್ತೆ ಹತ್ತಬೇಕೆಂಬುದನ್ನು ಮಂಡಿನೋವಿನವರು ಮರೆಯಬಾರದು. ವೆಂಟಿಮಿಲಿಯಾದಲ್ಲಿ ಶುಕ್ರವಾರ ದೊಡ್ಡ ಸಂತೆ ಸೇರುತ್ತದೆ. ಫ್ರಾನ್ಸಿನ ಕಡೆಯಿಂದಲೂ ಜನ ಬರುವುದರಿಂದ ಆ ದಿನ ಕಾರಿನಲ್ಲಿ ಅಲ್ಲಿ ಹಾಯದಿರುವುದೇ ಕ್ಷೇಮ.

ಅಲ್ಲಿಂದ ಹೆದ್ದಾರಿ ಹಿಡಿದು ಸ್ಯಾನ್ ರೆಮೊ, ಇಂಪೀರಿಯಾಗಳನ್ನು ದಾಟಿ ಸ್ಯಾನ್ ಬಾರ್ತೊಲೊಮೆಯೊದಲ್ಲಿ ಇಳಿಯಿರಿ. ಪಕ್ಕದ ಚೆರ್ವೊ ನನ್ನ ಮಟ್ಟಿಗೆ ಈ ಇಡೀ ದಾರಿಯ ಅತ್ಯುತ್ತಮ ಊರು. ಹವಳ ತೆಗೆಯುವ ಬೆಸ್ತರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಬರೋಕ್ ಶೈಲಿಯ ಇಗರ್ಜಿಯೊಂದು ಊರಿನ ಮೇಲ್ಭಾಗದಲ್ಲಿ, ಒಳಕ್ಕೆ ಬಾಗಿದ ಎದುರುಗೋಡೆಯನ್ನು ಸಮುದ್ರಕ್ಕೆ ಒಡ್ಡಿಕೊಂಡು ನಿಂತಿದೆ. ಇಲ್ಲಿಂದ ಔರೇಲಿಯಾದ ಎರಡನೆಯ ತುಣುಕು: ಮೆಲೆ ಭೂಶಿರದ ದೀಪಸ್ತಂಭವನ್ನು ಸುತ್ತಿಕೊಂಡು ಹೋಗಿ, ಮರಳಿನ ಉದ್ದ ದಂಡೆಯಿರುವ ಅಲಾಸ್ಸಿಯೊ, ಆಮೇಲೆ ಬಲಕ್ಕೆ ಗಲ್ಲಿನಾರಾ ಎಂಬ ನಡುಗಡ್ಡೆಯನ್ನು ನೋಡುತ್ತ ಅಲ್ಬೆಂಗಾ. ಅಲ್ಬೆಂಗಾದ ಮಧ್ಯಯುಗದ ಇಟ್ಟಿಗೆ ಗೋಪುರಗಳಿಗೆ ಅರ್ಧ ದಿನವನ್ನಾದರೂ ಕೊಡಬಹುದು. ಎರಡನೆಯ ರಾತ್ರಿಯನ್ನು ಫಿನಾಲೆ ಲಿಗುರೆಯಲ್ಲಿ ಕಳೆಯಿರಿ.

ಮೂರನೆಯ ತುಣುಕು ಚಿಕ್ಕದು: ಫಿನಾಲೆಯಿಂದ ವರಿಗೊಟ್ಟಿಯ ಮೂಲಕ ನೋಲಿ. ಬಂಡೆಯನ್ನು ಕಡಿದು ಮಾಡಿದ ರಸ್ತೆ, ಕೆಳಗೆ ನೇರ ನೀರು. ಅದು ಮುಗಿದ ಮೇಲೆ ಹೆದ್ದಾರಿಗೆ ಹತ್ತಿಬಿಡಿ, ಏಕೆಂದರೆ ಜಿನೋವಾ ಸಮೀಪಿಸಿದಂತೆ ಔರೇಲಿಯಾ ಬಂದರು, ಕಂಟೇನರು, ಕಾರ್ಖಾನೆಗಳ ನಡುವೆ ತೆವಳುತ್ತದೆ. 2018ರ ಆಗಸ್ಟ್ 14ರಂದು ಜಿನೋವಾದಲ್ಲಿ ಇದೇ ಎ10ರ ಮೊರಾಂದಿ ಸೇತುವೆ ಕುಸಿದು 43 ಮಂದಿ ಸತ್ತ ನಂತರ ಈ ಪ್ರಾಂತದ ಸೇತುವೆ, ಸುರಂಗಗಳ ತಪಾಸಣೆ ಮತ್ತು ದುರಸ್ತಿ ಬಿಗಿಯಾಗಿದ್ದು, ಅಲ್ಲಲ್ಲಿ ಒಂದೇ ಲೇನಿನಲ್ಲಿ ವಾಹನಗಳನ್ನು ಬಿಡುತ್ತಾರೆ. ವಿಮಾನ ಹಿಡಿಯುವ ದಿನ ಕೈಯಲ್ಲಿ ಎರಡು ಗಂಟೆ ಹೆಚ್ಚಿಗೆ ಇರಲಿ. ಭಾನುವಾರ ಭಾರೀ ಲಾರಿಗಳಿಗೆ ನಿರ್ಬಂಧವಿರುವುದು ನಿಜ, ಆದರೆ ಸಂಜೆಗೆ ಮಿಲಾನ್, ಟ್ಯೂರಿನ್‌ಗಳ ಜನ ಕಡಲತಡಿಯಿಂದ ಮನೆಗೆ ಮರಳುವ ಹೊತ್ತು ಅದು. ಜಿನೋವಾ ವಿಮಾನ ನಿಲ್ದಾಣವು ನಗರದ ಪಶ್ಚಿಮಕ್ಕಿದೆ, ಅಂದರೆ ನಿಮ್ಮ ದಾರಿಯಲ್ಲಿ ಊರಿಗಿಂತ ಮೊದಲೇ ಸಿಗುತ್ತದೆ. ಕಾರನ್ನು ಅಲ್ಲೇ ಒಪ್ಪಿಸಿ, ಬಸ್ಸಿನಲ್ಲಿ ನಗರಕ್ಕೆ ಹೋಗಿ.

ಪ್ರಶ್ನೆ: ಇದೇ ದಾರಿಯಲ್ಲಿ ನಾನೇ ಕಾರು ಓಡಿಸಬೇಕೆಂದಿದ್ದೇನೆ. ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ? ಬಾಡಿಗೆ ಕಾರಿನ ವಿಷಯದಲ್ಲಿ ಎಚ್ಚರ ವಹಿಸಬೇಕಾದದ್ದೇನು?
– ಓದುಗರು, ಹುಬ್ಬಳ್ಳಿ

ಉತ್ತರ: ಮೂಲ ಲೈಸೆನ್ಸಿನ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಇರಬೇಕು. ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಸಾವಿರ ರೂಪಾಯಿ ಶುಲ್ಕಕ್ಕೆ ಇದು ಸಿಗುತ್ತದೆ, ಅವಧಿ ಒಂದು ವರ್ಷ. ಫ್ರಾನ್ಸ್, ಇಟಲಿ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಹೆಚ್ಚು ದಿನ ಉಳಿಯುವ ದೇಶದ ದೂತಾವಾಸಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶದ ದೂತಾವಾಸಕ್ಕೆ. ಕಾರಿನ ಠೇವಣಿಗೆ ಚಾಲಕರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಡೆಬಿಟ್ ಕಾರ್ಡನ್ನು ನೆಚ್ಚಿ ಹೋಗಬೇಡಿ.

ಖರ್ಚಿನಲ್ಲಿ ಜನ ಎಡವುವುದು ಇಲ್ಲಿ: ಒಂದು ದೇಶದಲ್ಲಿ ಪಡೆದ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟರೆ ವಿಧಿಸುವ ಶುಲ್ಕ ಕೆಲವೊಮ್ಮೆ ಬಾಡಿಗೆಯನ್ನೇ ಮೀರುತ್ತದೆ. ಹೋಗುವಾಗ ಹಳೆಯ ರಸ್ತೆಯಲ್ಲಿ ನೋಡಿಕೊಂಡು ಹೋಗಿ, ಹೆದ್ದಾರಿಯಲ್ಲಿ ಅರ್ಧ ದಿನದೊಳಗೆ ನೀಸ್‌ಗೆ ಮರಳಿ ಕಾರನ್ನು ಪಡೆದಲ್ಲೇ ಒಪ್ಪಿಸುವುದು ಅಗ್ಗವಾಗಬಹುದು. ಎರಡೂ ಲೆಕ್ಕ ಹಾಕಿ ನೋಡಿ. ಗಡಿ ದಾಟುವ ವಿಷಯವನ್ನು ಬಾಡಿಗೆ ಕರಾರಿನಲ್ಲಿ ಮೊದಲೇ ಬರೆಸಿ. ಸ್ಟಿಯರಿಂಗ್ ಎಡಕ್ಕಿದ್ದು ಬಲಗೈಯಲ್ಲಿ ಗೇರು ಹಾಕಬೇಕಾದ್ದರಿಂದ, ತುಸು ದುಬಾರಿಯಾದರೂ ಆಟೊಮ್ಯಾಟಿಕ್ ಕಾರನ್ನೇ ಮುಂಗಡ ಕಾದಿರಿಸುವುದು ಒಳ್ಳೆಯದು. ಕಾರಿನ ಗಾತ್ರ ಚಿಕ್ಕದಿರಲಿ.

ಇಟಲಿಯ ಹಳೆಯ ಪೇಟೆಗಳ ಬಾಯಲ್ಲಿ ಝಡ್‌ಟಿಎಲ್ ಎಂದು ಬರೆದ, ಕೆಂಪು ವೃತ್ತದ ಫಲಕ ಕಂಡರೆ ಒಳಗೆ ಹೋಗಬೇಡಿ. ಅನುಮತಿಯಿಲ್ಲದ ವಾಹನಗಳ ನಂಬರನ್ನು ಕ್ಯಾಮೆರಾ ದಾಖಲಿಸಿಕೊಳ್ಳುತ್ತದೆ, ತಿಂಗಳುಗಳ ನಂತರ ದಂಡದ ಚೀಟಿ ಹುಬ್ಬಳ್ಳಿಗೇ ಬರುತ್ತದೆ, ವಿಳಾಸ ಒದಗಿಸಿದ್ದಕ್ಕೆ ಬಾಡಿಗೆ ಕಂಪನಿ ಬೇರೆ ಹಣ ಹಿಡಿಯುತ್ತದೆ. ಪಾರ್ಕಿಂಗ್ ಗೆರೆ ನೀಲಿಯಾಗಿದ್ದರೆ ಹಣ ಕೊಡಬೇಕು, ಬಿಳಿಯಾಗಿದ್ದರೆ ಸಾಮಾನ್ಯವಾಗಿ ಉಚಿತ, ಹಳದಿ ನಿಮಗಲ್ಲ. ಟೋಲ್ ಗೇಟಿನಲ್ಲಿ ಹಳದಿ ಬಣ್ಣದ ಟೆಲಿಪಾಸ್ ಲೇನಿಗೆ ನುಗ್ಗಬೇಡಿ, ಅದು ನಮ್ಮ ಫಾಸ್ಟ್ಯಾಗಿನಂಥ ಸಾಧನ ಇದ್ದವರಿಗೆ ಮಾತ್ರ. ಪೆಟ್ರೋಲ್ ಬಂಕಿನಲ್ಲಿ ಗ್ಯಾಸೋಲಿಯೊ ಎಂದಿರುವುದು ಡೀಸೆಲ್. ಸೆರ್ವಿತೊ ಎಂದಿರುವ ಕಡೆ ಸಿಬ್ಬಂದಿ ತುಂಬುತ್ತಾರೆ, ದರ ಹೆಚ್ಚು. ಇಟಲಿಯಲ್ಲಿ ಊರಾಚೆ ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು.

ಪ್ರಶ್ನೆ: ಇಷ್ಟೆಲ್ಲ ತಾಪತ್ರಯಕ್ಕಿಂತ ರೈಲಿನಲ್ಲಿ ಹೋದರೆ ಆಗದೇ?
– ಓದುಗರು, ಶಿವಮೊಗ್ಗ

ಉತ್ತರ: ನೀಸ್‌ನಿಂದ ವೆಂಟಿಮಿಲಿಯಾವರೆಗೆ ಖಂಡಿತ ರೈಲೇ ಚೆನ್ನ, ಹಳಿ ನೀರಿಗೆ ಅಂಟಿಕೊಂಡೇ ಸಾಗುತ್ತದೆ. ಇಟಲಿಯೊಳಗೆ ಮಾತ್ರ ಒಸ್ಪೆದಾಲೆತ್ತಿಯಿಂದ ಸ್ಯಾನ್ ಲೊರೆನ್ಸೊವರೆಗಿನ ಹಳಿಯನ್ನು 2001ರಲ್ಲೂ, ಅಲ್ಲಿಂದ ಅಂದೋರಾವರೆಗಿನದನ್ನು 2016ರಲ್ಲೂ ಒಳನಾಡಿನ ಸುರಂಗಗಳಿಗೆ ಸ್ಥಳಾಂತರಿಸಿದ್ದಾರೆ. ಆ ಭಾಗದಲ್ಲಿ ಕಿಟಕಿಯಾಚೆ ನೋಡಲು ಏನೂ ಇಲ್ಲ. ಮೊದಲ ತುಂಡಿನ ಹಳೆಯ ಹಳಿಯ ಜಾಗ ಈಗ ಕಡಲಂಚಿನ ಸೈಕಲ್ ದಾರಿಯಾಗಿದೆ. ಸ್ಯಾನ್ ರೆಮೊದಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ.

ಪ್ರಶ್ನೆ: ನಾವು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಈ ದಾರಿಯಲ್ಲಿ ಊಟಕ್ಕೇನು?
– ಓದುಗರು, ಉಡುಪಿ

ಉತ್ತರ: ಯುರೋಪಿನ ಮಟ್ಟಿಗೆ ಇದು ನಿಮಗೆ ಅನುಕೂಲವಾದ ಕರಾವಳಿ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಇಷ್ಟನ್ನೇ ಕಲಸಿ, ಅಗಲವಾದ ದುಂಡು ತಟ್ಟೆಯಲ್ಲಿ ಹೊಯ್ದು, ಸೌದೆ ಒಲೆಯಲ್ಲಿ ಬೇಯಿಸುವ ತಿಂಡಿಗೆ ನೀಸ್‌ನಲ್ಲಿ ಸೊಕ್ಕಾ ಎಂದೂ ಜಿನೋವಾದಲ್ಲಿ ಫರಿನಾತಾ ಎಂದೂ ಹೆಸರು. ಅಂಚು ಗರಿಗರಿ, ಒಳಗೆ ಮೆತ್ತಗೆ. ಮೇಲೆ ಕಾಳುಮೆಣಸಿನ ಪುಡಿ ಉದುರಿಸಿಕೊಂಡು ಬಿಸಿಯಾಗಿಯೇ ತಿನ್ನಬೇಕು. ಈರುಳ್ಳಿ ಅಥವಾ ಸಣ್ಣ ಮೀನುಮರಿ ಸೇರಿಸಿದ ಬಗೆಯೂ ಇರುವುದರಿಂದ ಕೇಳಿ ತೆಗೆದುಕೊಳ್ಳಿ. ಎಣ್ಣೆ ಸುರಿದ ಫೊಕಾಚ್ಚಾ ರೊಟ್ಟಿ ಬೇಕರಿಗಳಲ್ಲಿ ಬೆಳಿಗ್ಗೆಯಿಂದಲೇ ಸಿಗುತ್ತದೆ. ತುಳಸಿಯ ಜಾತಿಯ ಸೊಪ್ಪಿನಿಂದ ಮಾಡುವ ಪೆಸ್ತೊ ಜಿನೋವಾದ್ದೇ, ಆದರೆ ಅದರಲ್ಲಿ ಬೆಳ್ಳುಳ್ಳಿಯೂ ಚೀಸೂ ಇವೆ; ಅದಕ್ಕೆ ಹಾಕುವ ಪಾರ್ಮಿಜಾನೊ ಚೀಸನ್ನು ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆಂಬುದು ನಿಮಗೆ ತಿಳಿದಿರಲಿ. ನೀಸ್‌ನ ಈರುಳ್ಳಿಯ ಪಿಸಲಾದಿಯೇರ್ ನೋಡಲು ಸಸ್ಯಾಹಾರದಂತಿದ್ದರೂ ಅದರ ಮೇಲೆ ಆಂಚೊವಿ ಮೀನಿರುತ್ತದೆ, ಸೊಪ್ಪಿನ ತೋರ್ತಾ ಪಾಸ್ಕ್ವಲೀನಾದಲ್ಲಿ ಮೊಟ್ಟೆ. ಮಧ್ಯಾಹ್ನ ಎರಡೂವರೆಯ ನಂತರ ಬಹುಪಾಲು ಹೋಟೆಲುಗಳ ಅಡುಗೆಮನೆ ಮುಚ್ಚಿ, ಸಂಜೆ ಏಳೂವರೆಯ ಹೊತ್ತಿಗೆ ಮತ್ತೆ ತೆರೆಯುತ್ತದೆ; ಆ ನಡುವಿನ ಹಸಿವಿಗೆ ಫೊಕಾಚ್ಚಾ ಒಂದಷ್ಟನ್ನು ಕಟ್ಟಿಸಿಕೊಂಡು ಕಾರಿನಲ್ಲಿಟ್ಟುಕೊಳ್ಳಿ.