ತಗಡಿನ ಸೂರಿನಡಿ ಆನ್‌ಲೈನ್ ಪಾಠ

ಪ್ರಶ್ನೆ: ನಮ್ಮದು ಜಿಂಕ್ ಶೀಟ್ ಹೊದಿಸಿದ ಹಳೆಯ ಮನೆ. ಹತ್ತಡಿ ಚದರದ ಕೋಣೆಯೊಂದರಲ್ಲಿ ನನ್ನ ಹೆಂಡತಿ ಸಂಜೆ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಪಾಠ ಮಾಡುತ್ತಾರೆ. ಮಳೆಗಾಲದಲ್ಲಿ ಅವರ ಮಾತು ಮಕ್ಕಳಿಗೆ ಕೇಳಿಸುವುದೇ ಇಲ್ಲ. ಕಾಫಿ ಕೊಯ್ಲು ಶುರುವಾದರೆ ಪಕ್ಕದ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ (ಪಲ್ಪರ್) ಸದ್ದು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸಾಕೆಂದು ಸ್ನೇಹಿತರು ಹೇಳುತ್ತಾರೆ. 15,000 ರೂಪಾಯಿಯೊಳಗೆ ಏನು ಮಾಡಬಹುದು?
– ಓದುಗರು, ಶಾಂತಳ್ಳಿ

ಉತ್ತರ: ಮೊಟ್ಟೆಯ ಟ್ರೇಗಳನ್ನು ಮರೆತುಬಿಡಿ. ಕೋಣೆಯೊಳಗಿನ ಮಾತು ಗೋಡೆಗೆ ಬಡಿದು ಮಾರ್ದನಿಸುವುದನ್ನು ಅವು ತುಸು ತಗ್ಗಿಸಬಹುದೇ ಹೊರತು ಹೊರಗಿನ ಸದ್ದನ್ನು ತಡೆಯಲಾರವು. ಸದ್ದು ನಿಲ್ಲಬೇಕಾದರೆ ತೂಕ ಬೇಕು, ಸಂದಿಯಿಲ್ಲದ ಮುಚ್ಚಿಗೆ ಬೇಕು. ಕಾಗದದ ಟ್ರೇಯಲ್ಲಿ ಎರಡೂ ಇಲ್ಲ. ನಿಮ್ಮ ಕಡೆಯ ಆಷಾಢದ ಥಂಡಿಗೆ ಅವು ಬೂಷ್ಟು ಹಿಡಿಯುವುದಂತೂ ಖಂಡಿತ.

ನೀವು ಹೇಳಿದ ಎರಡು ಸದ್ದುಗಳು ಬರುವ ದಾರಿ ಬೇರೆ ಬೇರೆ. ಪಲ್ಪರಿನದು ಹೆಚ್ಚಾಗಿ ಗಾಳಿಯ ಮೂಲಕ ಕಿಟಕಿ, ಬಾಗಿಲು, ಸಂದಿಗಳಿಂದ ನುಗ್ಗುತ್ತದೆ. ಮಳೆಯ ವಿಷಯದಲ್ಲಿ ಹನಿ ಬಿದ್ದ ತಗಡೇ ಮದ್ದಳೆಯ ಚರ್ಮದಂತೆ ಕಂಪಿಸಿ ಸದ್ದು ಹುಟ್ಟಿಸುವುದರಿಂದ, ಕಿಟಕಿಗಳನ್ನು ಎಷ್ಟೇ ಭದ್ರವಾಗಿ ಮುಚ್ಚಿದರೂ ಪ್ರಯೋಜನವಾಗದು. ಆದ್ದರಿಂದ ಹಣದ ಬಹುಪಾಲನ್ನು ತಗಡಿನ ಕೆಳಗೆ ಒಂದು ಮುಚ್ಚಿಗೆ ಹಾಕಿಸಲು ಮೀಸಲಿಡಿ. ತೇವ ತಡೆಯುವ 12.5 ಮಿ.ಮೀ. ಜಿಪ್ಸಮ್ ಬೋರ್ಡ್ ಅಥವಾ ಸಿಮೆಂಟ್ ಫೈಬರ್ ಬೋರ್ಡ್ ಆಗಬಹುದು. ಅದರ ಮೇಲೆ 50 ಮಿ.ಮೀ. ದಪ್ಪದ ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ಹಾಸಿಸಿ. ಥರ್ಮಾಕೋಲ್ ಬೇಡ, ಅದಕ್ಕೆ ತೂಕವೂ ಇಲ್ಲ, ಬೆಂಕಿಗೂ ಬೇಗ ತುತ್ತಾಗುತ್ತದೆ. ಸೋರುವ ಶೀಟುಗಳನ್ನು ಮೊದಲೇ ಸರಿಪಡಿಸದಿದ್ದರೆ ರಾಕ್‌ವುಲ್ ನೀರು ಕುಡಿದು ಕೆಟ್ಟುಹೋಗುತ್ತದೆ.

ಇಲ್ಲಿ ಬಡಗಿಯ ಪಕ್ಕದಲ್ಲೇ ನಿಂತು ನೋಡಬೇಕಾದದ್ದೊಂದಿದೆ. ರಾತ್ರಿ ಕೋಣೆಯ ದೀಪ ಆರಿಸಿ, ಹೊರಗಿನಿಂದ ಗೋಡೆಯ ತಲೆಯುದ್ದಕ್ಕೂ ಟಾರ್ಚ್ ಆಡಿಸಲು ಯಾರಿಗಾದರೂ ಹೇಳಿ. ಶೀಟಿನ ಉಬ್ಬುಗಳು ಗೋಡೆಯ ಮೇಲೆ ಕೂರುವಲ್ಲೆಲ್ಲ ಅರ್ಧಚಂದ್ರದಂಥ ಕಿಂಡಿಗಳು ಸಾಲಾಗಿ ಹೊಳೆಯುತ್ತವೆ. ಪಲ್ಪರ್ ಒಳಬರುವ ಹೆದ್ದಾರಿ ಅದೇ. ಆದರೂ ಅವುಗಳಿಗೆ ಗಾರೆ ಮೆತ್ತಬೇಡಿ, ತಗಡಿನಡಿಯ ತೇವ ಆರಲು ಅಲ್ಲಿ ಗಾಳಿಯಾಡಬೇಕು. ಬದಲಿಗೆ ಹೊಸ ಮುಚ್ಚಿಗೆಯು ಗೋಡೆಯನ್ನು ಸೇರುವ ನಾಲ್ಕೂ ಅಂಚುಗಳನ್ನು ಸೀಲೆಂಟ್‌ನಿಂದ (ಸಂದಿ ತುಂಬುವ ಅಂಟು) ಬಿಗಿಯಾಗಿ ತುಂಬಿಸಿ. ಈ ಅಂಚು ಬಿಟ್ಟರೆ ಉಳಿದ ಖರ್ಚೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಬಾಗಿಲಿನ ಚೌಕಟ್ಟಿಗೆ ರಬ್ಬರ್ ಪಟ್ಟಿ, ಅಡಿಯ ಸಂದಿಗೆ ಬ್ರಷ್ ಪಟ್ಟಿ ಸಾಕು. ಆದರೆ ಕೋಣೆ ಹೀಗೆ ಬಿಗಿಯಾದ ಮೇಲೆ ಚಳಿಗೆಂದು ಕೆಂಡದ ಬಾಣಲೆಯನ್ನು ಎಂದಿಗೂ ಒಳಗಿಡಬಾರದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಪಾಠದ ನಡುನಡುವೆ ಕಿಟಕಿ ತೆರೆಯುತ್ತಿರಿ.

ಇಷ್ಟಾದರೂ ಜುಲೈ ತಿಂಗಳ ಜಡಿಮಳೆಯ ಸದ್ದು ಪೂರ್ತಿ ಅಡಗದು. ಹಾಗಾಗಿ ಬಡಗಿಯನ್ನು ಕರೆಯುವ ಮೊದಲೇ ಒಂದು ಕಾಲರ್ ಮೈಕ್ ಕೊಳ್ಳಿ. ಲ್ಯಾಪ್‌ಟಾಪಿನ ಮೈಕ್ ಬಾಯಿಂದ 60 ಸೆಂ.ಮೀ. ದೂರವಿದ್ದರೆ ಕಾಲರ್ ಮೈಕ್ 15 ಸೆಂ.ಮೀ. ದೂರದಲ್ಲಿರುತ್ತದೆ, ಇಷ್ಟರಿಂದಲೇ ಮಳೆಯ ಸದ್ದಿಗೆ ಹೋಲಿಸಿದರೆ ಅವರ ದನಿ ಮೊದಲಿಗಿಂತ ಸುಮಾರು 12 ಡೆಸಿಬೆಲ್‌ನಷ್ಟು (ಡೆಸಿಬೆಲ್ ಸದ್ದಿನ ಅಳತೆ) ಮೇಲೇರುತ್ತದೆ. ಒಂದು ಮಳೆಯ ಸಂಜೆ ಅದನ್ನು ಬಳಸಿ ನೋಡಿ, ಮಕ್ಕಳಿಗೆ ಎಷ್ಟು ಕೇಳಿಸಿತೆಂದು ವಿಚಾರಿಸಿಕೊಂಡು, ಆಮೇಲೆ ಮುಚ್ಚಿಗೆಯ ಅಳತೆಗೆ ಜನ ಕರೆಸಿ.